ಹರಡಿದ ಕ್ಯಾನ್ಸರ್: ಯಾವ ಚಿಕಿತ್ಸೆ, ಎಲ್ಲಿ, ಎಷ್ಟರವರೆಗೆ? ಮೈಸೂರು, ಮಂಡ್ಯದವರಿಗೊಂದು ಹೋಲಿಕೆ

ಕ್ಯಾನ್ಸರ್ ಬೇರೆ ಅಂಗಗಳಿಗೂ ಹರಡಿದೆ ಎಂದು ಗೊತ್ತಾದ ವಾರದೊಳಗೆ ಮನೆ ತುಂಬ ಸಲಹೆ. ಬೆಂಗಳೂರಿಗೆ ಕರ್ಕೊಂಡು ಹೋಗಿ ಎನ್ನುವ ಭಾವ, ನಾಟಿ ಔಷಧಿ ತರಿಸೋಣ ಎನ್ನುವ ಚಿಕ್ಕಪ್ಪ, ಈ ವಯಸ್ಸಿನಲ್ಲಿ ಯಾಕೆ ಹಿಂಸೆ ಎನ್ನುವ ಪಕ್ಕದ ಮನೆಯವರು. ಕಾಯಿಲೆ ಯಾರ ಮೈಯಲ್ಲಿದೆಯೋ ಅವರು ಮಾತ್ರ ಒಳಕೋಣೆಯಲ್ಲಿ. ಈ ಬರಹ ಆ ಒಳಕೋಣೆಯಲ್ಲಿ ಇರುವವರಿಗೆ, ಮತ್ತು ಅವರ ಜೊತೆ ಫೈಲ್ ಹಿಡಿದು ಓಡಾಡುವ ಒಬ್ಬರಿಗೆ.

ಹರಡಿದ ಕ್ಯಾನ್ಸರಿನಲ್ಲಿ "ಇದೊಂದೇ ದಾರಿ" ಎನ್ನುವ ಸ್ಥಿತಿ ಅಪರೂಪ. ಹೆಚ್ಚುಕಡಿಮೆ ಪ್ರತಿ ಘಟ್ಟದಲ್ಲೂ ಎರಡು ಮೂರು ದಾರಿಗಳಿರುತ್ತವೆ. ಅವುಗಳಲ್ಲಿ ಯಾವುದು ಗಡ್ಡೆಯನ್ನು ಎಷ್ಟು ಕುಗ್ಗಿಸುತ್ತದೆ ಎಂದು ಡಾಕ್ಟರು ಹೇಳಬಲ್ಲರು. ಮಗಳ ಮದುವೆಗೆ ಎದ್ದು ಓಡಾಡುವಷ್ಟು ಶಕ್ತಿ ಮುಖ್ಯವೋ, ಇನ್ನೆರಡು ತಿಂಗಳು ಹೆಚ್ಚು ಸಿಗುವುದು ಮುಖ್ಯವೋ ಎಂದು ಹೇಳಬೇಕಾದವರು ನೀವು. ನೀವು ಹೇಳದಿದ್ದರೆ ಆ ಜಾಗವನ್ನು ಬೇರೆ ಯಾರೋ ತುಂಬುತ್ತಾರೆ.

ಅದಕ್ಕೆ ಪ್ರತಿ ಆಯ್ಕೆಯ ಮುಂದೆಯೂ ಇದೇ ನಾಲ್ಕು ಪ್ರಶ್ನೆ ಇಡಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು, ಡಾಕ್ಟರ ಎದುರು ಕುಳಿತಾಗ ಮರೆತುಹೋಗುತ್ತದೆ.

"ಡಾಕ್ಟ್ರೇ, ಇದು ಕಾಯಿಲೆ ವಾಸಿ ಮಾಡೋಕಾ, ತಡೆದು ನಿಲ್ಲಿಸೋಕಾ, ಇಲ್ಲ ನೋವು ಕಡಿಮೆ ಮಾಡೋಕಾ?"
"ಇದು ಕೆಲಸ ಮಾಡ್ತಿದೆಯೋ ಇಲ್ಲವೋ ಯಾವಾಗ ಗೊತ್ತಾಗುತ್ತೆ, ಹೇಗೆ ಗೊತ್ತಾಗುತ್ತೆ?"
"ತಿಂಗಳಿಗೆ ಎಷ್ಟು ದಿನ ಆಸ್ಪತ್ರೆಗೆ ಬರಬೇಕು, ಎಷ್ಟು ದಿನ ಮಲಗಿರಬೇಕಾಗುತ್ತೆ?"
"ಪೂರ್ತಿ ಎಷ್ಟು ಖರ್ಚು, ಅದರಲ್ಲಿ ಕಾರ್ಡಿಗೆ ಎಷ್ಟು ಬರುತ್ತೆ?"

ಮೊದಲ ಪ್ರಶ್ನೆ ಕೇಳಲು ಎದೆ ನಡುಗುತ್ತದೆ, ನಿಜ. ಆದರೂ ಅದನ್ನೇ ಮೊದಲು ಕೇಳಿ. ತಡೆಯುವುದಕ್ಕೆಂದು ಕೊಡುವ ಕೀಮೋವನ್ನು ವಾಸಿ ಮಾಡುವ ಕೀಮೋ ಎಂದುಕೊಂಡು ಹೊಲ ಮಾರಿದ ಮನೆಗಳಿವೆ. ನೋವಿಗೆಂದು ಕೊಡುವ ರೇಡಿಯೇಷನ್ನನ್ನು "ಇನ್ನೇನೂ ಉಳಿದಿಲ್ಲ" ಎಂದು ತಿಳಿದು ಬಿಟ್ಟು, ನರಳಿದ ಮನೆಗಳೂ ಇವೆ.

"ಲಾಸ್ಟ್ ಸ್ಟೇಜ್" ಎಂಬ ಒಂದೇ ಮಾತಿನಲ್ಲಿ ಏನೂ ತಿಳಿಯುವುದಿಲ್ಲ

ನಾಲ್ಕನೇ ಹಂತ ಎಂದರೆ ಸಾಮಾನ್ಯವಾಗಿ ಮೂಲ ಜಾಗದಿಂದ ದೂರದ ಅಂಗಕ್ಕೆ ಹರಡಿದೆ ಎಂದಷ್ಟೇ ಅರ್ಥ. ಎಲುಬಿಗೆ ಮಾತ್ರ ಹರಡಿರುವ, ಹಾರ್ಮೋನ್ ಪಾಸಿಟಿವ್ ಇರುವ ಸ್ತನ ಕ್ಯಾನ್ಸರಿನವರು ಮಾತ್ರೆಗಳ ಮೇಲೆಯೇ ವರ್ಷಗಟ್ಟಲೆ ಬದುಕುವುದುಂಟು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅದೇ ಹಂತದಲ್ಲಿದ್ದರೆ ಸಾಮಾನ್ಯವಾಗಿ ಮಾತು ತಿಂಗಳುಗಳದ್ದು. ಆದ್ದರಿಂದ ಹಂತದ ಜೊತೆಗೆ ಎರಡು ಸಂಗತಿ ತಿಳಿದಿರಬೇಕು.

ಒಂದು, ಗಡ್ಡೆಯ ಗುಣ. ಬಯಾಪ್ಸಿಗೆಂದು ತೆಗೆದ ಗಡ್ಡೆಯ ತುಂಡಿನ ಮೇಲೆ ಮಾಡುವ ಮುಂದಿನ ಪರೀಕ್ಷೆಗಳಿಂದ ಇದು ತಿಳಿಯುತ್ತದೆ. ಸ್ತನಕ್ಕೆ ಇಆರ್, ಪಿಆರ್, ಹರ್‌2. ಶ್ವಾಸಕೋಶಕ್ಕೆ ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್‌1, ಪಿಡಿ-ಎಲ್‌1. ದೊಡ್ಡ ಕರುಳಿಗೆ ಆರ್‌ಎಎಸ್ ಮತ್ತು ಎಂಎಸ್‌ಐ. ಅಂಡಾಶಯಕ್ಕೆ ಬಿಆರ್‌ಸಿಎ. ಬೀಡಿ ಸಿಗರೇಟು ಮುಟ್ಟದವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿದ್ದರೆ ಇಜಿಎಫ್‌ಆರ್ ಪರೀಕ್ಷೆಯನ್ನು ಕೇಳದೆ ಬಿಡಬೇಡಿ. ಪಾಸಿಟಿವ್ ಬಂದರೆ ಡ್ರಿಪ್ ಕೀಮೋ ಬದಲು ದಿನಕ್ಕೊಂದು ಮಾತ್ರೆಯಿಂದ ಶುರುಮಾಡಬಹುದು. ವರದಿ ಬರುವವರೆಗೆ ಒಂದೆರಡು ವಾರ ಕಾಯಬಹುದೇ, ಅಥವಾ ಉಸಿರಾಟದ ತೊಂದರೆಯಿಂದಾಗಿ ಕೂಡಲೇ ಕೀಮೋ ಬೇಕೇ ಎಂದು ಕೇಳಿ.

ಎರಡು, ದೇಹದ ಶಕ್ತಿ. ಡಾಕ್ಟರು ಇದನ್ನು 0 ರಿಂದ 4ರವರೆಗೆ ಅಂಕ ಹಾಕಿ ಅಳೆಯುತ್ತಾರೆ. ಮೊದಲಿನಂತೆ ಎಲ್ಲ ಕೆಲಸ ಮಾಡಿದರೆ 0, ಹಗುರ ಕೆಲಸ ಮಾತ್ರವಾದರೆ 1, ತಮ್ಮ ಸ್ನಾನ ಊಟ ತಾವೇ ನೋಡಿಕೊಂಡು ಹಗಲಿನ ಅರ್ಧಕ್ಕಿಂತ ಹೆಚ್ಚು ಎದ್ದಿದ್ದರೆ 2, ಹಗಲಿನ ಅರ್ಧಕ್ಕಿಂತ ಹೆಚ್ಚು ಮಲಗಿಯೇ ಇದ್ದರೆ 3, ಪೂರ್ತಿ ಹಾಸಿಗೆ ಹಿಡಿದರೆ 4. ಮಾಮೂಲಿ ಕೀಮೋ 0, 1, 2ರವರಿಗೆ. 3, 4ರವರಿಗೆ ಅದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಬಹಳ ಮನೆಯವರು ಕೀಮೋ ತಪ್ಪಿಹೋಗಬಾರದೆಂದು "ಚೆನ್ನಾಗೇ ಇದಾರೆ, ತಿಂತಾರೆ, ಓಡಾಡ್ತಾರೆ" ಎನ್ನುತ್ತಾರೆ. ಪ್ರೀತಿಯಿಂದ ಹೇಳುವ ಈ ಸುಳ್ಳಿನಿಂದ ಔಷಧಿಯ ಪ್ರಮಾಣ ದೇಹ ತಾಳುವುದಕ್ಕಿಂತ ಮೇಲೇರುತ್ತದೆ. ಇದ್ದದ್ದನ್ನು ಇದ್ದಂತೆಯೇ ಹೇಳಿ.

ಬದುಕುವ ಕಾಲದ ಬಗ್ಗೆ ಡಾಕ್ಟರು ಒಂದು ಸಂಖ್ಯೆ ಹೇಳಿದರೆ ಅದು ಸಾಮಾನ್ಯವಾಗಿ ಮಧ್ಯದ ಅಂಕಿ. ಹತ್ತು ತಿಂಗಳು ಎಂದರೆ ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಹೆಚ್ಚು. ಸ್ಥೂಲ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಜನ ಆ ಅಂಕಿಯ ಅರ್ಧದಿಂದ ಎರಡರಷ್ಟರ ನಡುವೆ, ಅಂದರೆ ಐದರಿಂದ ಇಪ್ಪತ್ತು ತಿಂಗಳ ನಡುವೆ ಇರುತ್ತಾರೆ. "ತುಂಬ ಚೆನ್ನಾಗಿ ಹೋದ್ರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಕೆಟ್ಟದಾಗಿ ಹೋದ್ರೆ ಎಷ್ಟು" ಎಂದು ಮೂರಾಗಿ ಕೇಳಿದರೆ ಡಾಕ್ಟರಿಗೂ ಉತ್ತರಿಸುವುದು ಸುಲಭ.

ಊರ ಹತ್ತಿರವೋ, ಬೆಂಗಳೂರೋ

ಮೈಸೂರಿನಲ್ಲೇ ಕೀಮೋ, ರೇಡಿಯೇಷನ್ ಎರಡೂ ಸಿಗುವ ಆಸ್ಪತ್ರೆಗಳಿವೆ. ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದ ಮಿಮ್ಸ್ ಇವುಗಳಲ್ಲಿ ನಿಮ್ಮ ಕಾಯಿಲೆಗೆ ಏನೇನು ಸಿಗುತ್ತದೆ ಎಂದು ಮೊದಲು ವಿಚಾರಿಸಿ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆ ಸರ್ಕಾರಿ ವ್ಯವಸ್ಥೆಯ ದೊಡ್ಡ ಕ್ಯಾನ್ಸರ್ ಕೇಂದ್ರ. ಮೈಸೂರಿನಿಂದ ಬೆಂಗಳೂರು ಸುಮಾರು 145 ಕಿ.ಮೀ. ಆರೋಗ್ಯವಂತರಿಗೆ ಅದು ಎರಡು ಮೂರು ತಾಸಿನ ದಾರಿ. ವಾಂತಿ, ಸುಸ್ತು, ಎಲುಬು ನೋವು ಇರುವವರಿಗೆ ಹೋಗಿ ಬರುವುದೇ ಎರಡು ದಿನ ಮಲಗಿಸುತ್ತದೆ.

ನಮ್ಮ ಅಭಿಪ್ರಾಯ ಹೀಗೆ. ಕಾಯಿಲೆ ಅಪರೂಪದ್ದಾಗಿದ್ದರೆ, ಬಯಾಪ್ಸಿ ವರದಿಯಲ್ಲಿ ಗೊಂದಲವಿದ್ದರೆ, ಮೊದಲ ಔಷಧಿ ಕೆಲಸ ನಿಲ್ಲಿಸಿದ್ದರೆ, ಅಥವಾ ದೊಡ್ಡ ಆಪರೇಷನ್ ಸೂಚಿಸಿದ್ದರೆ ಬೆಂಗಳೂರಿಗೆ ಹೋಗಿ. ಆದರೆ ಅಭಿಪ್ರಾಯಕ್ಕೆ ಹೋಗಿ, ಪ್ರತಿ ಕೀಮೋಗಲ್ಲ. ಯೋಜನೆ ಅಲ್ಲಿ, ಔಷಧಿ ಹತ್ತಿಸಿಕೊಳ್ಳುವುದು ಇಲ್ಲಿ ಎಂಬ ಹಂಚಿಕೆ ಬಹುಪಾಲು ಮನೆಗಳಿಗೆ ಒಗ್ಗುತ್ತದೆ.

ಈ ಹಂಚಿಕೆ ಮುರಿದುಬೀಳುವುದು ಹೆಚ್ಚಾಗಿ ಒಂದು ಕಾಗದದ ದೆಸೆಯಿಂದ. ಬೆಂಗಳೂರಿನಿಂದ ತರುವ ಪತ್ರದಲ್ಲಿ ಕೀಮೋ ಹೆಸರು ಮಾತ್ರ ಇದ್ದರೆ ಇಲ್ಲಿಯ ಡಾಕ್ಟರು ಮುಂದುವರಿಸಲಾರರು. ಪ್ರತಿ ಔಷಧಿಯ ಪ್ರಮಾಣ ಎಷ್ಟು ಮಿಲಿಗ್ರಾಂ, ಎತ್ತರ ತೂಕ ಎಷ್ಟಿತ್ತು, ಇದು ಎಷ್ಟನೇ ಸೈಕಲ್ (ಕೀಮೋದ ಸರದಿ), ಮುಂದಿನದು ಯಾವ ತಾರೀಖು, ಪ್ರಮಾಣ ಕಡಿಮೆ ಮಾಡಿದ್ದರೆ ಯಾಕೆ, ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಕೊಡಬೇಕೇ, ಸಂದೇಹ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು: ಇಷ್ಟೂ ಅದರಲ್ಲಿರಬೇಕು. ಇಲ್ಲದಿದ್ದರೆ ಕೌಂಟರ್ ಬಿಟ್ಟು ಏಳಬೇಡಿ.

ಇನ್ನೊಂದು ಎಡವಟ್ಟು ರಕ್ತ ಪರೀಕ್ಷೆಯದ್ದು. ಕೀಮೋ ಕೊಡಲು ಸಾಮಾನ್ಯವಾಗಿ ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) 1,500ಕ್ಕಿಂತ, ಪ್ಲೇಟ್‌ಲೆಟ್ 1,00,000ಕ್ಕಿಂತ ಮೇಲಿರಬೇಕು. ನಾಗಮಂಗಲದಿಂದಲೋ ಮಳವಳ್ಳಿಯಿಂದಲೋ ಬೆಳಗಿನ ಜಾವ ಹೊರಟು ಬಂದಮೇಲೆ ಕಣ ಕಡಿಮೆಯಿದೆ ಎಂದು ವಾಪಸ್ ಕಳಿಸಿದರೆ ಆ ದಿನವೂ ದುಡ್ಡೂ ಹೋದವು. ಹಿಂದಿನ ದಿನವೇ ಹತ್ತಿರದ ಲ್ಯಾಬಿನಲ್ಲಿ ರಕ್ತಕಣದ ಸಿಬಿಸಿ, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ವರದಿಯನ್ನು ಫೋನಿನಲ್ಲಿ ಕಳಿಸಬಹುದೇ ಎಂದು ಕೇಳಿ. ಹಲವು ಕಡೆ ಒಪ್ಪುತ್ತಾರೆ.

ರೈಲಿನಲ್ಲಿ ಹೋಗುವವರಿಗೆ ರಿಯಾಯಿತಿ ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್ ಮತ್ತು ಎಸಿ ಚೇರ್ ಕಾರಿನಲ್ಲಿ ಶೇ 75, ಸ್ಲೀಪರ್ ಮತ್ತು ಎಸಿ ತ್ರೀ ಟೈರಿನಲ್ಲಿ ಶೇ 100. ಜೊತೆಯಲ್ಲಿ ಹೋಗುವ ಒಬ್ಬರಿಗೂ ಶೇ 75 ಸಿಗುತ್ತದೆ. ಆಸ್ಪತ್ರೆಯವರು ರೈಲ್ವೆಯ ನಿಗದಿತ ಫಾರಂ ತುಂಬಿ ಸೀಲ್ ಹಾಕಿಕೊಡಬೇಕು.

ಎರಡನೇ ಅಭಿಪ್ರಾಯಕ್ಕೆ ಮೂರನೆಯ ದಾರಿಯೂ ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಮತ್ತು ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನ ತಜ್ಞರ ಅಭಿಪ್ರಾಯವನ್ನು ನವ್ಯ ಎಂಬ ಆನ್‌ಲೈನ್ ಸೇವೆಯ ಮೂಲಕ ಪಡೆಯಬಹುದು. ವರದಿಗಳ ಸ್ಪಷ್ಟ ಫೋಟೋ ಇದ್ದರೆ ಮನೆಯಲ್ಲೇ ಕುಳಿತು ಕಳಿಸಬಹುದು. ಬಯಾಪ್ಸಿ ಸ್ಲೈಡನ್ನೇ ಮತ್ತೆ ನೋಡಬೇಕಾದ ಕೇಸಿಗೆ ಮಾತ್ರ ಇದು ಸಾಲದು. ಎರಡನೇ ಅಭಿಪ್ರಾಯ ಕೇಳಿದರೆ ಮೊದಲ ಡಾಕ್ಟರು ಬೇಜಾರಾಗುತ್ತಾರೆ ಎಂಬ ಅಂಜಿಕೆ ನಮ್ಮ ಕಡೆ ಬಹಳ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಇದು ಹಕ್ಕು ಎಂದೇ ಇದೆ. "ನಿಮ್ ಮೇಲೆ ನಂಬಿಕೆ ಇದೆ ಡಾಕ್ಟ್ರೇ, ಮನೆಯವರ ಸಮಾಧಾನಕ್ಕೆ ಒಂದ್ಸಲ ತೋರಿಸ್ಕೊಂಡು ಬರ್ತೀವಿ" ಎಂದರೆ ಸಾಕು.

ಫೈಲಿನಲ್ಲಿ ಏನಿರಬೇಕು

ಎಲ್ಲಿಗೆ ಹೋದರೂ ಕೇಳುವುದು: ಬಯಾಪ್ಸಿ ವರದಿ ಮತ್ತು ಗಡ್ಡೆಯ ಗುಣ ತಿಳಿಸುವ ಐಎಚ್‌ಸಿ ವರದಿ, ಸ್ಲೈಡುಗಳು ಮತ್ತು ಬಯಾಪ್ಸಿ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್, ಸಿಟಿ ಅಥವಾ ಪೆಟ್ ಸ್ಕ್ಯಾನಿನ ಸಿಡಿ, ಪ್ರತಿ ಸೈಕಲ್ಲಿನ ಡಿಸ್ಚಾರ್ಜ್ ಚೀಟಿ, ರೇಡಿಯೇಷನ್ ಆಗಿದ್ದರೆ ಯಾವ ಜಾಗಕ್ಕೆ ಎಷ್ಟು ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ), ಎಷ್ಟು ಸಿಟ್ಟಿಂಗ್ ಎಂಬ ಸಾರಾಂಶ. ಸ್ಕ್ಯಾನಿನ ಫಿಲ್ಮ್ ಇದ್ದರೆ ಸಾಲದು, ಹಳೆಯ ಸ್ಕ್ಯಾನಿನ ಜೊತೆ ಹೋಲಿಸಲು ಸಿಡಿ ಬೇಕು. ಬ್ಲಾಕ್ ಬಹಳ ಮುಖ್ಯ. ಅದಿಲ್ಲದಿದ್ದರೆ ಹೊಸ ಪರೀಕ್ಷೆಗೆ ಮತ್ತೆ ಸೂಜಿ ಚುಚ್ಚಿ ತುಂಡು ತೆಗೆಯಬೇಕಾದೀತು. ಡಾಕ್ಸೋರುಬಿಸಿನ್‌ನಂಥ ಕೆಂಪು ಕೀಮೋ ಆಗಿದ್ದರೆ ಇದುವರೆಗೆ ಒಟ್ಟು ಎಷ್ಟು ಹೋಗಿದೆ ಎಂಬ ಲೆಕ್ಕ ಬೇಕೇಬೇಕು. ಅದಕ್ಕೆ ಜೀವಮಾನದ ಮಿತಿ ಇದೆ, ಮೀರಿದರೆ ಹೃದಯಕ್ಕೆ ಪೆಟ್ಟು. ದಾಖಲೆಗೆ ಬರೆದು ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿ ನಿಯಮ ಹೇಳುತ್ತದೆ. ಬಾಯಲ್ಲಿ ಕೇಳಿದರೆ ನಾಳೆ ಬನ್ನಿ ಎನ್ನುತ್ತಾರೆ. ಬರೆದು ಕೊಟ್ಟು ಜೆರಾಕ್ಸ್ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಒಂದೇ ಕಾಯಿಲೆಗೆ ಎರಡು ಔಷಧಿ ದಾರಿ: ನಾಲ್ಕು ಉದಾಹರಣೆ

ಎಲುಬಿನ ನೋವಿಗೆ ರೇಡಿಯೇಷನ್. ಜನ ಇದನ್ನು ಕರೆಂಟ್ ಕೊಡುವುದು ಎನ್ನುತ್ತಾರೆ. 8 ಗ್ರೇ ಒಂದೇ ಸಲ ಕೊಡಬಹುದು, ಅಥವಾ 30 ಗ್ರೇಯನ್ನು ಹತ್ತು ದಿನಕ್ಕೆ ಹಂಚಬಹುದು. ನೋವು ಇಳಿಸುವುದರಲ್ಲಿ ಎರಡೂ ಸಮ ಎಂದು ಬಹಳ ಅಧ್ಯಯನಗಳು ತೋರಿಸಿವೆ. ವ್ಯತ್ಯಾಸ ಏನೆಂದರೆ, ಒಂದೇ ಸಲ ತೆಗೆದುಕೊಂಡವರಲ್ಲಿ ಮುಂದೆ ಅದೇ ಜಾಗಕ್ಕೆ ಇನ್ನೊಮ್ಮೆ ಕೊಡಬೇಕಾಗುವವರು ಹೆಚ್ಚು, ಸುಮಾರು ಐದರಲ್ಲಿ ಒಬ್ಬರು. ಕೆ.ಆರ್. ಪೇಟೆಯಿಂದ ಹತ್ತು ದಿನ ಬಂದುಹೋಗುವುದರ ಎದುರು ಒಂದೇ ದಿನ ಎಂದರೆ ಬಹಳ ಜನರಿಗೆ ಒಂದೇ ದಿನ ಮೇಲು. ಎಲುಬು ಮುರಿಯುವ ಹಾಗಿದ್ದರೆ, ಬೆನ್ನುಹುರಿಯನ್ನು ಒತ್ತುತ್ತಿದ್ದರೆ ಲೆಕ್ಕ ಬೇರೆ. ಎರಡರಲ್ಲೂ ಮೊದಲ ಒಂದೆರಡು ದಿನ ನೋವು ಏರಬಹುದು, ಇಳಿಯಲು ಒಂದರಿಂದ ನಾಲ್ಕು ವಾರ ಹಿಡಿಯುತ್ತದೆ. ಇದು ಗೊತ್ತಿಲ್ಲದೆ "ಕರೆಂಟ್ ಕೊಟ್ಟು ಜಾಸ್ತಿ ಆಯ್ತು" ಎಂದು ನಿರಾಶರಾಗಬೇಡಿ.

ಬಾಯಿ ಮತ್ತು ಗಂಟಲ ಕ್ಯಾನ್ಸರ್. ಹೊಗೆಸೊಪ್ಪು ಅಗಿಯುವ ನಮ್ಮ ಕಡೆ ಇದು ಬಹಳ. ಹರಡಿದ ಮೇಲೆ ರಕ್ತನಾಳಕ್ಕೆ ಕೊಡುವ ಸಿಸ್‌ಪ್ಲಾಟಿನ್ ಒಂದು ದಾರಿ. ಇನ್ನೊಂದು ದಾರಿ ಬಾಯಿಂದ ತೆಗೆದುಕೊಳ್ಳುವ ಕಡಿಮೆ ಪ್ರಮಾಣದ ಕೀಮೋ: ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಕ್ಕೆರಡು ಸಲ ಸೆಲೆಕಾಕ್ಸಿಬ್. ಟಾಟಾ ಮೆಮೋರಿಯಲ್ 2020ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಈ ಮಾತ್ರೆಯವರು ಮಧ್ಯದ ಅಂಕಿಯಲ್ಲಿ 7.5 ತಿಂಗಳು, ಸಿಸ್‌ಪ್ಲಾಟಿನ್‌ನವರು 6.1 ತಿಂಗಳು ಬದುಕಿದರು. ಮಾತ್ರೆ ಅಗ್ಗ, ಅಡ್ಮಿಷನ್ ಬೇಡ. ಅಪಾಯ ಒಂದೇ, ಆದರೆ ದೊಡ್ಡದು: ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ. ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಸೋಮವಾರವೋ ಶುಕ್ರವಾರವೋ, ವಾರದ ಯಾವ ದಿನ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಈ ಎರಡು ಮಾತ್ರೆಗೆ ಎರ್ಲೋಟಿನಿಬ್ ಸೇರಿಸಿ, ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮಾಬ್ ಎಂಬ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಬಳಸುವ) ಔಷಧಿ ಕೊಟ್ಟಾಗ ಒಂದು ವರ್ಷ ದಾಟಿದವರು ಶೇ 16ರಿಂದ ಶೇ 43ಕ್ಕೆ ಏರಿದರು ಎಂದು ಅದೇ ಸಂಸ್ಥೆ ಮುಂದೆ ತೋರಿಸಿತು. ಇಮ್ಯುನೊಥೆರಪಿ ಎಂದರೆ ಲಕ್ಷಗಟ್ಟಲೆ ಎಂದು ಹೆದರಿ ಎದ್ದುಬರುವ ಮೊದಲು "ಕಡಿಮೆ ಡೋಸಿನದ್ದು ನಮಗೆ ಆಗುತ್ತಾ" ಎಂದು ಕೇಳಿ.

ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್. ಗಂಡು ಹಾರ್ಮೋನನ್ನು ತಗ್ಗಿಸಬೇಕು. ಒಂದು ದಾರಿ, ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ವರ್ಷಗಟ್ಟಲೆ. ಇನ್ನೊಂದು ವೃಷಣಗಳನ್ನು ತೆಗೆಯುವ ಸಣ್ಣ ಆಪರೇಷನ್, ಒಂದೇ ಸಲ. ಹಾರ್ಮೋನ್ ತಗ್ಗಿಸುವುದರಲ್ಲಿ ಎರಡೂ ಒಂದೇ. ಇಂಜೆಕ್ಷನ್ ತಪ್ಪಿದರೆ ಕಾಯಿಲೆ ಮತ್ತೆ ತಲೆಯೆತ್ತುತ್ತದೆ. ಆಪರೇಷನ್ನಿಗೆ ಮತ್ತೆ ಮತ್ತೆ ದುಡ್ಡು ಹೊಂದಿಸುವ ಕಷ್ಟವಿಲ್ಲ, ಆದರೆ ಹಿಂದಿರುಗಿ ಬರಲಾಗದ ದಾರಿ, ಮನಸ್ಸಿಗೂ ಭಾರ. ಇದನ್ನು ತೀರ್ಮಾನಿಸಬೇಕಾದವರು ಆ ಗಂಡಸೇ, ಮಕ್ಕಳಲ್ಲ.

ಪ್ಯಾಕ್ಲಿಟಾಕ್ಸೆಲ್‌ನಂಥ ಕೀಮೋ ವಾರಕ್ಕೊಮ್ಮೆಯೋ ಮೂರು ವಾರಕ್ಕೊಮ್ಮೆಯೋ ಎಂಬುದೂ ಹೀಗೆಯೇ. ವಾರದ್ದು ಪ್ರತಿ ಸಲ ಹಗುರ, ಆದರೆ 12 ವಾರಕ್ಕೆ 12 ಓಡಾಟ. ಮೂರು ವಾರದ್ದು ಪ್ರತಿ ಸಲ ಭಾರ, ಓಡಾಟ ನಾಲ್ಕೇ.

ದುಬಾರಿ ಔಷಧಿ ಬರೆದಾಗಲೆಲ್ಲ ಜೆನೆರಿಕ್ ಇದೆಯೇ, ಬಯೋಸಿಮಿಲರ್ (ಜೈವಿಕ ಔಷಧಿಗೆ ಸರಿಸಾಟಿಯಾದ ಅಗ್ಗದ ರೂಪ) ಇದೆಯೇ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಹರ್‌2 ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್‌ನ ಭಾರತೀಯ ಬಯೋಸಿಮಿಲರ್ 2014ರಿಂದಲೇ ಸಿಗುತ್ತಿದೆ.

ಇನ್ನೊಂದು ಸುತ್ತು ಕೀಮೋವೋ, ಸಾಕೋ

ಬಹಳ ಮನೆಗಳು ತಡವರಿಸುವುದು ಇಲ್ಲಿ. ಮೊದಲ ಔಷಧಿ ಸೋತಿದೆ, ಎರಡನೆಯದೂ ಸೋತಿದೆ, ಮೂರನೆಯದನ್ನು ಬರೆದುಕೊಟ್ಟಿದ್ದಾರೆ. ಸಾಮಾನ್ಯವಾಗಿ ಪ್ರತಿ ಮುಂದಿನ ಸುತ್ತಿನಲ್ಲಿ ಲಾಭ ಇಳಿಯುತ್ತದೆ, ದೇಹದ ತಾಳಿಕೆಯೂ ಇಳಿಯುತ್ತದೆ. "ಏನಾದ್ರೂ ಮಾಡಿ ಡಾಕ್ಟ್ರೇ" ಎಂದು ಮನೆಯವರು ಅಂದರೆ ಡಾಕ್ಟರು ಏನಾದರೂ ಬರೆಯುತ್ತಾರೆ. ಆ ಮಾತಿನ ಬದಲು ಬೇರೆ ಮಾತು ಕಲಿಯಬೇಕು: "ಇದನ್ನು ತಗೊಂಡ್ರೆ ಏನಾಗುತ್ತೆ, ತಗೊಳ್ದೇ ಇದ್ರೆ ಏನಾಗುತ್ತೆ, ಎರಡೂ ಹೇಳಿ."

ಮುಂದುವರಿಸುವುದೆಂದು ತೀರ್ಮಾನಿಸಿದರೆ ಗೆರೆಯನ್ನು ಮೊದಲೇ ಎಳೆದುಕೊಳ್ಳಿ. ಎರಡು ಅಥವಾ ಮೂರು ಸೈಕಲ್ ಆದಮೇಲೆ ಸ್ಕ್ಯಾನ್. ಗಡ್ಡೆ ಬೆಳೆದಿದ್ದರೆ ನಿಲ್ಲಿಸುವುದು. ನಡುವೆ ಹಾಸಿಗೆ ಹಿಡಿದರೆ, ಎರಡು ಸಲ ಅಡ್ಮಿಟ್ ಆದರೆ ಸ್ಕ್ಯಾನಿಗೂ ಕಾಯದೆ ಮತ್ತೆ ಕೂತು ಮಾತಾಡುವುದು. ಇದನ್ನು ಡಾಕ್ಟರ ಎದುರೇ ಹೇಳಿ ಫೈಲಿನಲ್ಲಿ ಬರೆಸಿ. ಗೆರೆ ಎಳೆಯದೆ ಶುರುಮಾಡಿದರೆ ಯಾರೂ ನಿಲ್ಲಿಸುವ ಮಾತೆತ್ತುವುದಿಲ್ಲ. ಎತ್ತಿದವರು ಕೈಬಿಟ್ಟರು ಎಂದಾಗಿಬಿಡುತ್ತದೆ.

ನೋವು, ಸಂಕಟ ತಗ್ಗಿಸುವ ಉಪಶಮನ ಚಿಕಿತ್ಸೆ ಎಂದರೆ ಕೊನೆಗೆ ಉಳಿಯುವುದು ಎಂದು ತಿಳಿದವರೇ ಹೆಚ್ಚು. ಹಾಗಲ್ಲ. ಶ್ವಾಸಕೋಶದ ಕ್ಯಾನ್ಸರ್ ಹರಡಿದ 151 ಜನರ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೀಮೋ ಜೊತೆಗೆ ಮೊದಲಿನಿಂದಲೇ ಉಪಶಮನ ತಂಡವನ್ನು ನೋಡಿದವರ ಬದುಕು ಹೆಚ್ಚು ನೆಮ್ಮದಿಯದಾಗಿತ್ತು. ಕೊನೆಯ ದಿನಗಳಲ್ಲಿ ಅವರಿಗೆ ಬಿರುಸಿನ ಚಿಕಿತ್ಸೆ ಆದದ್ದೂ ಕಡಿಮೆ, ಆದರೂ ಅವರು ಬದುಕಿದ್ದು 11.6 ತಿಂಗಳು, ಉಳಿದವರು 8.9. ಆದ್ದರಿಂದ ಕೀಮೋ ಇಲ್ಲವೇ ಉಪಶಮನ ಎಂದು ಎದುರುಬದುರು ನಿಲ್ಲಿಸುವುದೇ ತಪ್ಪು. ರೋಗ ಹರಡಿದೆ ಎಂದು ತಿಳಿದ ತಿಂಗಳಲ್ಲೇ ಪೇನ್ ಅಂಡ್ ಪ್ಯಾಲಿಯೇಟಿವ್ ವಿಭಾಗಕ್ಕೆ ಚೀಟಿ ಬರೆಸಿಕೊಳ್ಳಿ.

ನೋವಿಗೆ: ಅಂಗಡಿ ಮಾತ್ರೆ, ಮಾರ್ಫಿನ್, ಪ್ಯಾಚ್

ಮೆಡಿಕಲ್ ಸ್ಟೋರಿನ ಡೈಕ್ಲೊಫೆನಾಕ್ ಸುಲಭವಾಗಿ ಸಿಗುತ್ತದೆ. ಆದರೆ ವಾರಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿಗೆ ಪೆಟ್ಟು. ಸಿಸ್‌ಪ್ಲಾಟಿನ್ ತೆಗೆದುಕೊಳ್ಳುವವರಿಗೆ, ಪ್ಲೇಟ್‌ಲೆಟ್ ಇಳಿದವರಿಗೆ ಇನ್ನೂ ಅಪಾಯ. ಟ್ರಮಡಾಲ್ ಮಧ್ಯಮ ನೋವಿಗೆ, ದಿನಕ್ಕೆ 400 ಮಿಲಿಗ್ರಾಂ ಅದರ ಮಿತಿ. ಅದಕ್ಕೂ ಬಗ್ಗದ ನೋವಿಗೆ ಮಾರ್ಫಿನ್.

ಮಾರ್ಫಿನ್ ಎಂದ ಕೂಡಲೇ ಚಟ, ಸಾವು ಎಂದು ಹೆದರುತ್ತಾರೆ. ಕ್ಯಾನ್ಸರ್ ನೋವಿಗೆ ವೈದ್ಯರ ಲೆಕ್ಕದಂತೆ ತೆಗೆದುಕೊಂಡರೆ ಚಟ ಹತ್ತುವುದು ವಿರಳ, ಆಯಸ್ಸೂ ಕಡಿಮೆಯಾಗುವುದಿಲ್ಲ. ನೋವು ಇಳಿದರೆ ನಿದ್ದೆ ಬರುತ್ತದೆ, ಊಟ ಸೇರುತ್ತದೆ. ಮಾಮೂಲಿ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಅದಕ್ಕೇ ನಾಲ್ಕು ಗಂಟೆಗೊಮ್ಮೆ, ನೋವು ಬರಲಿ ಎಂದು ಕಾಯದೆ ತೆಗೆದುಕೊಳ್ಳಬೇಕು. ಬಹಳ ಜನ ನೋವು ತಡೆಯಲಾಗದಾಗ ಮಾತ್ರ ನುಂಗಿ "ಇದೂ ಕೆಲಸ ಮಾಡಲ್ಲ" ಎನ್ನುತ್ತಾರೆ. ನಡುವೆ ನುಗ್ಗುವ ನೋವಿಗೆ ಹೆಚ್ಚುವರಿ ಡೋಸ್ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಮಲಬದ್ಧತೆ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ, ತಾನಾಗಿ ಹೋಗುವುದಿಲ್ಲ. ಮೊದಲ ದಿನದಿಂದಲೇ ಮಲ ಸಡಿಲಿಸುವ ಮಾತ್ರೆ ಬೇಕು, ಬಾಳೆಹಣ್ಣು ಸಾಲದು. ವಾಕರಿಕೆ, ಮಂಪರು ಮೂರ್ನಾಲ್ಕು ದಿನದಲ್ಲಿ ಕಡಿಮೆಯಾಗುತ್ತವೆ. ಕಿಡ್ನಿ ಸೋತವರಲ್ಲಿ ಮಾತ್ರ ಔಷಧಿ ಮೈಯಲ್ಲಿ ಉಳಿದುಬಿಡುತ್ತದೆ. ಅತಿ ಮಂಪರು, ಕೈಕಾಲು ಇದ್ದಕ್ಕಿದ್ದಂತೆ ಎಳೆದು ಅದುರುವುದು ಕಂಡರೆ ಕೂಡಲೇ ತಿಳಿಸಿ.

ಫೆಂಟನಿಲ್ ಪ್ಯಾಚ್ ಮೂರು ದಿನಕ್ಕೊಂದು, ನುಂಗಲಾಗದವರಿಗೆ ವರದಾನ. ಆದರೆ ಹಚ್ಚಿದ ಮೇಲೆ ಪೂರ್ತಿ ಹಿಡಿಯಲು 12ರಿಂದ 24 ಗಂಟೆ ಬೇಕು, ಬೆಲೆಯೂ ಹೆಚ್ಚು. ಅದರ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಔಷಧಿ ಒಮ್ಮೆಲೇ ಒಳಹೋಗಿ ಉಸಿರು ಕುಗ್ಗಬಹುದು. ನೋವು ದಿನದಿನಕ್ಕೆ ಏರಿಳಿಯುತ್ತಿದ್ದರೆ ಮಾತ್ರೆ ಮೇಲು, ಒಂದೇ ಸಮನಿದ್ದರೆ ಪ್ಯಾಚ್.

ಮಾರ್ಫಿನ್ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. 2014ರ ಎನ್‌ಡಿಪಿಎಸ್ (ಮಾದಕ ವಸ್ತು ಕಾಯ್ದೆ) ತಿದ್ದುಪಡಿಯ ನಂತರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇದನ್ನು ಇಟ್ಟುಕೊಂಡು ಕೊಡಬಹುದು. ನಿಮ್ಮ ಆಸ್ಪತ್ರೆಗೆ ಆ ಮಾನ್ಯತೆ ಇದೆಯೇ, ಒಮ್ಮೆಗೆ ಎಷ್ಟು ದಿನದ್ದು ಕೊಡುತ್ತಾರೆ, ಮನೆಯವರೇ ಬಂದು ಒಯ್ಯಬಹುದೇ ಎಂದು ಕೇಳಿ. ಮುಗಿಯಲು ಐದು ದಿನ ಇರುವಾಗಲೇ ಹೊರಡಿ. ಒಮ್ಮೆಲೇ ನಿಲ್ಲಿಸಬಾರದ ಔಷಧಿ ಇದು.

ಕಾರ್ಡಿನ ಲೆಕ್ಕ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ 1.5 ಲಕ್ಷ ರೂ. ಮಿತಿ. ಖಾಸಗಿ ಆಸ್ಪತ್ರೆಯಲ್ಲಿ ಬಳಸಲು ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಒಪ್ಪಿಗೆ ಬರುವ ಮೊದಲೇ ಕೈಯಿಂದ ಕಟ್ಟಿ ಶುರುಮಾಡಿ, ಆಮೇಲೆ ಆ ಹಣ ವಾಪಸ್ ಕೇಳುವುದು ಬಹಳ ಜನ ಮಾಡುವ ತಪ್ಪು. ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರಿನ ಅಕ್ಷರ ಬೇರೆ ಇರುವುದು ಇನ್ನೊಂದು ತೊಡಕು. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಬಳಿ ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರು ಬರೆದಿರೋ ಇದೇ ಔಷಧಿ ಪ್ಯಾಕೇಜಿನಲ್ಲಿ ಇದೆಯಾ, ಇಲ್ಲ ಹೊರಗಿಂದ ತರಬೇಕಾ?"

ನಾಟಿ ಔಷಧಿ

ಬಿಡಿ ಎಂದರೆ ಗುಟ್ಟಾಗಿ ತೆಗೆದುಕೊಳ್ಳುತ್ತಾರೆ, ಅದು ಇನ್ನೂ ಅಪಾಯ. ತೆಗೆದುಕೊಳ್ಳುತ್ತಿದ್ದರೆ ಪೊಟ್ಟಣ ಸಹಿತ ಡಾಕ್ಟರಿಗೆ ತೋರಿಸಿ. ಅಮೃತಬಳ್ಳಿ ಕಷಾಯದಿಂದ ಲಿವರ್‌ಗೆ ಪೆಟ್ಟಾದ ವರದಿಗಳು ಭಾರತದಲ್ಲೇ ಬಂದಿವೆ. ಲೋಹದ ಭಸ್ಮ ಕಿಡ್ನಿಗೆ ಭಾರ. ಕ್ಯಾನ್ಸರ್ ಕಣದ ಗುಣಕ್ಕೆ ಗುರಿಯಿಡುವ ಕೆಲವು ಟಾರ್ಗೆಟೆಡ್ ಮಾತ್ರೆಗಳ ಜೊತೆ ಚಕೋತ ಹಣ್ಣೂ ಬೇಡ, ಔಷಧಿಯ ಮಟ್ಟ ರಕ್ತದಲ್ಲಿ ಏರಿಬಿಡುತ್ತದೆ. ಕೀಮೋ ನಿಲ್ಲಿಸಿದರೆ ಮಾತ್ರ ಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ.

ರೋಗಿಗೆ ಹೇಳುವುದೋ, ಮುಚ್ಚಿಡುವುದೋ

"ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ, ಎದೆ ಒಡ್ಕೊಂಡ್ಬಿಡ್ತಾರೆ." ಮಕ್ಕಳು ಬಾಗಿಲ ಹೊರಗೆ ಕೈಮುಗಿಯುವುದು ದಿನವೂ ಕಾಣುವ ದೃಶ್ಯ. ಪ್ರೀತಿಯ ಮಾತೇ. ಆದರೆ ಕ್ಯಾನ್ಸರ್ ವಾರ್ಡಿನಲ್ಲಿ ಮಲಗಿ, ಕೂದಲು ಉದುರಿ, ತೂಕ ಇಳಿದ ಮನುಷ್ಯನಿಗೆ ಬಹುಪಾಲು ಗೊತ್ತೇ ಇರುತ್ತದೆ. ಅವರು ಮಕ್ಕಳಿಗೆ ನೋವಾಗಬಾರದೆಂದು ಸುಮ್ಮನಿರುತ್ತಾರೆ, ಮಕ್ಕಳು ಅವರಿಗೆ ನೋವಾಗಬಾರದೆಂದು ಸುಮ್ಮನಿರುತ್ತಾರೆ. ಆಸ್ತಿ ಪತ್ರ, ಬ್ಯಾಂಕ್ ನಾಮಿನಿ, ಮನಸ್ಸಿನಲ್ಲಿದ್ದ ಒಂದು ಕ್ಷಮೆ ಎಲ್ಲವೂ ಹಾಗೇ ಉಳಿದುಬಿಡುತ್ತವೆ.

ಎರಡರ ನಡುವೆ ಒಂದು ದಾರಿ ಇದೆ. ಎಷ್ಟು ತಿಳಿಯಬೇಕೆಂದು ರೋಗಿಯನ್ನೇ ಕೇಳುವುದು. "ಎಲ್ಲಾನೂ ನಂಗೇ ಹೇಳಿ" ಎನ್ನುವುದೂ ಸರಿ, "ನನ್ನ ಮಗಳಿಗೆ ಹೇಳಿ, ಅವಳು ನೋಡ್ಕೊಳ್ತಾಳೆ" ಎನ್ನುವುದೂ ಸರಿ. ನೀವೇ ರೋಗಿಯಾಗಿದ್ದರೆ ಮೊದಲ ಭೇಟಿಯಲ್ಲೇ ಇದರಲ್ಲಿ ಒಂದನ್ನು ಡಾಕ್ಟರಿಗೆ ಹೇಳಿಬಿಡಿ. ಭೇಟಿಗೆ ಐದು ಜನ ಹೋಗಬೇಡಿ. ನೀವು, ಮತ್ತು ಬರೆದುಕೊಳ್ಳುವ ಒಬ್ಬರು. ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಮನೆಗೆ ಬಂದು "ಅವರು ಹಾಗಂದ್ರು, ಹೀಗಂದ್ರು" ಎಂಬ ಜಗಳ ತಪ್ಪುತ್ತದೆ. ರಾತ್ರಿ ನಿದ್ದೆ ಬಾರದೆ ಮನಸ್ಸು ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಕಾಯಬಾರದ ಮೂರು ಹೊತ್ತು

ಕೀಮೋ ನಡೆಯುತ್ತಿರುವಾಗ, ಅದರಲ್ಲೂ ಕೊಟ್ಟ ಏಳರಿಂದ ಹದಿನಾಲ್ಕನೇ ದಿನದ ನಡುವೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬೆಳಗಾಗುವವರೆಗೆ ಕಾಯಬೇಡಿ. ಡೋಲೊ ನುಂಗಿ ಜ್ವರ ಮುಚ್ಚಿಹಾಕಬೇಡಿ. ಬಿಳಿಕಣ ಇಳಿದಾಗಿನ ಸೋಂಕು ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಹೊಸದಾಗಿ ಬೆನ್ನು ನೋವು ಬಂದು ಕಾಲಲ್ಲಿ ಬಲ ಹೋದರೆ, ಮೂತ್ರ ಕಟ್ಟಿದರೆ ಅದೇ ದಿನ ಎಂಆರ್‌ಐ ಆಗಬೇಕು. ಇನ್ನೂ ನಡೆದಾಡುತ್ತಿರುವಾಗಲೇ ರೇಡಿಯೇಷನ್ ಆದರೆ ನಡಿಗೆ ಉಳಿಯುವ ಸಾಧ್ಯತೆ ಹೆಚ್ಚು, ಕಾಲು ಪೂರ್ತಿ ಬಿದ್ದಮೇಲೆ ಬಹಳ ಕಡಿಮೆ. ಮುಖ, ಕುತ್ತಿಗೆ ಊದಿಕೊಂಡು ಉಸಿರು ಕಟ್ಟಿದರೂ ಕಾಯಬೇಡಿ. 108ಕ್ಕೆ ಕರೆ ಮಾಡಿದಾಗ "ಕ್ಯಾನ್ಸರ್ ಪೇಷೆಂಟ್, ಕೀಮೋ ನಡೀತಿದೆ" ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಮನೆ, ಆಸ್ಪತ್ರೆ, ಹಾಸ್ಪೈಸ್

ಮನೆಯಲ್ಲೇ ಇರುತ್ತೇನೆ ಎನ್ನುವವರಿಗೆ ಮೂರು ಇರಬೇಕು: ಹಗಲು ರಾತ್ರಿ ಸರದಿಯಲ್ಲಿ ನೋಡಿಕೊಳ್ಳಲು ಕಡೇಪಕ್ಷ ಇಬ್ಬರು, ಮಾರ್ಫಿನ್ ತಪ್ಪದೆ ಸಿಗುವ ವ್ಯವಸ್ಥೆ, ರಾತ್ರಿ ಫೋನ್ ಎತ್ತುವ ಒಬ್ಬ ಡಾಕ್ಟರ್ ಅಥವಾ ನರ್ಸ್. ಇದರಲ್ಲಿ ಒಂದು ಇಲ್ಲದಿದ್ದರೂ ಕೊನೆಯ ರಾತ್ರಿ ಗಾಬರಿಯಲ್ಲಿ ಐಸಿಯುಗೆ ಓಡುವುದೇ ಆಗುತ್ತದೆ. ಗಾಯ, ರಕ್ತಸ್ರಾವ, ಹತೋಟಿಗೆ ಬಾರದ ನೋವು ಇದ್ದು ಮನೆಯಲ್ಲಿ ಜನವಿಲ್ಲದವರಿಗೆ ಹಾಸ್ಪೈಸ್ (ಕೊನೆಯ ಕಾಲದ ಆರೈಕೆ ಕೇಂದ್ರ) ಮೇಲು. ಬೆಂಗಳೂರಿನ ಕರುಣಾಶ್ರಯದಲ್ಲಿ ಮುಂದುವರಿದ ಕ್ಯಾನ್ಸರಿನವರನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ಅಲ್ಲಿ ಸೇರಲು ಕಾಯಿಲೆ ವಾಸಿಯ ಹಂತ ದಾಟಿದೆ ಎಂಬ ಆಸ್ಪತ್ರೆಯ ದಾಖಲೆ ಜೊತೆಗಿರಲಿ. ಊಟ ಒತ್ತಾಯಿಸಬೇಡಿ. ಕೊನೆಯ ವಾರಗಳಲ್ಲಿ ದೇಹ ಅನ್ನ ಕೇಳುವುದಿಲ್ಲ, ತುಟಿ ಒದ್ದೆ ಮಾಡುವುದೇ ಆರೈಕೆ.

ವೆಂಟಿಲೇಟರ್ ಬೇಕೋ ಬೇಡವೋ ಎಂದು ಮಾತಾಡುವ ಶಕ್ತಿ ಇರುವಾಗಲೇ ಬರೆದಿಡಬಹುದು. ಇದಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನ ಎನ್ನುತ್ತಾರೆ, ಜನ ಲಿವಿಂಗ್ ವಿಲ್ ಎನ್ನುತ್ತಾರೆ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು, 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಜಾರಿಯ ಆದೇಶ ಹೊರಡಿಸಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಮಾತಾಡಲಾಗದಾಗ ನಿಮ್ಮ ಪರ ನಿರ್ಧರಿಸುವವರ ಹೆಸರು ಅದರಲ್ಲಿರಬೇಕು. ಕಡೇಪಕ್ಷ ಇಬ್ಬರ ಹೆಸರಿರಲಿ, ಒಬ್ಬರು ಊರಲ್ಲಿ ಇಲ್ಲದಿದ್ದರೆ ಇನ್ನೊಬ್ಬರು ಸಿಗುತ್ತಾರೆ. ಯಾವಾಗ ಬೇಕಾದರೂ ಮನಸ್ಸು ಬದಲಿಸಿ ಬರೆಯಬಹುದು. ಒಂದು ಪ್ರತಿ ಅವರಿಗೆ, ಒಂದು ನಿಮ್ಮ ಡಾಕ್ಟರಿಗೆ, ಒಂದು ಪಂಚಾಯಿತಿ ಅಥವಾ ಪಾಲಿಕೆಯ ನಿಯೋಜಿತ ಅಧಿಕಾರಿಗೆ. ಇನ್ನೊಂದರ ಜೆರಾಕ್ಸ್ ಫೈಲಿನ ಮೊದಲ ಹಾಳೆಯಾಗಿರಲಿ, ರಾತ್ರಿ ಆಸ್ಪತ್ರೆಗೆ ಓಡಿದಾಗ ಡ್ಯೂಟಿ ಡಾಕ್ಟರು ಫೈಲ್ ತೆರೆದ ಕೂಡಲೇ ಕಾಣುವಂತೆ.